ಮುಂಗಡ ತೀರಿಸಿ ಬಿಡಿಸಿದರೆ ಅದು ಬಿಡುಗಡೆಯಲ್ಲ

ಮಾನ್ಯ ಸಂಪಾದಕರೇ,

ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆಗೆ ಐವತ್ತು ವರ್ಷ ತುಂಬಿದೆ. 1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದದ್ದು 1976ರ ಫೆಬ್ರವರಿ 9ರಂದು ಕಾಯ್ದೆಯಾಯಿತು. ಫೆಬ್ರವರಿ 9 ಬಂದಾಗ ಸರ್ಕಾರಿ ಕಚೇರಿಗಳಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಯಾವುದೋ ಇಟ್ಟಿಗೆ ಗೂಡಿನಿಂದಲೋ, ಕಲ್ಲು ಕ್ವಾರಿಯಿಂದಲೋ, ತೋಟದ ಮನೆಯಿಂದಲೋ ನಿಜವಾದ ದೂರೊಂದು ಬಂತೆನ್ನಿ, ಸಾಮಾನ್ಯವಾಗಿ ಮೊದಲು ನಡೆಯುವುದು ರಾಜಿ. ಮಾಲೀಕ, ಮೇಸ್ತ್ರಿ, ಆಳು ಮೂವರನ್ನೂ ಕೂರಿಸಿ, "ತಗೊಂಡಿರೋ ದುಡ್ಡು ಕೊಟ್ಟುಬಿಡಪ್ಪ, ಆಮೇಲೆ ನಿನ್ನ ದಾರಿ ನಿಂದು" ಎನ್ನುತ್ತಾರೆ. ಆಳಿನ ಕಡೆಯವರು ಇನ್ನೆಲ್ಲೋ ಬಡ್ಡಿಗೆ ತಂದು ಕಟ್ಟುತ್ತಾರೆ. ಎಲ್ಲರೂ ಸಮಾಧಾನವಾಗಿ ಎದ್ದು ಹೋಗುತ್ತಾರೆ. ನಾವು ಬರೆಯುತ್ತಿರುವುದು ಈ ರಾಜಿಯ ಬಗ್ಗೆ. ಕಾನೂನಿನ ಕಣ್ಣಿಗೆ ಅಲ್ಲಿ ಮಾಲೀಕ ಕೈಯೊಡ್ಡಿ ಆ ಹಣ ತೆಗೆದುಕೊಳ್ಳುವುದೇ ಒಂದು ಅಪರಾಧ.

"ದುಡ್ಡು ತಗೊಂಡಿದ್ದು ನಿಜ ತಾನೇ, ವಾಪಸ್ ಕೊಡಬೇಕಾದ್ದು ಧರ್ಮ ತಾನೇ" ಎಂದು ಒಳ್ಳೆಯ ಮನಸ್ಸಿನವರೂ ಕೇಳುತ್ತಾರೆ. ಇದು ಹೊಸ ಪ್ರಶ್ನೆಯಲ್ಲ. ಗುಲಾಮಗಿರಿ ನಿಂತ ದೇಶಗಳಲ್ಲೆಲ್ಲ ಇದೇ ಪ್ರಶ್ನೆ ಎದ್ದಿತ್ತು, ಅದಕ್ಕೆ ತಪ್ಪು ಉತ್ತರ ಕೊಟ್ಟವರೂ ಇದ್ದರು, ಸರಿ ಉತ್ತರ ಕೊಟ್ಟವರೂ ಇದ್ದರು.

ಆಫ್ರಿಕಾದಿಂದ ಅಮೆರಿಕ ಖಂಡಗಳಿಗೆ ಸಾಗಿಸಲು ಹಡಗು ಹತ್ತಿಸಿದವರ ಸಂಖ್ಯೆ ಸುಮಾರು 1.25 ಕೋಟಿ. ಅವರಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು. ಬ್ರೂಕ್ಸ್ ಎಂಬ ಹಡಗಿನ ನಕ್ಷೆಯನ್ನು 1788ರಲ್ಲಿ ಇಂಗ್ಲೆಂಡಿನ ಗುಲಾಮಗಿರಿ ವಿರೋಧಿಗಳು ಅಚ್ಚು ಹಾಕಿಸಿ ಹಂಚಿದರು. ಅದರಲ್ಲಿ ಗಂಡಸೊಬ್ಬನಿಗೆ ಗೊತ್ತು ಮಾಡಿದ ಜಾಗ 6 ಅಡಿ ಉದ್ದ, 16 ಅಂಗುಲ ಅಗಲ. ಮಗ್ಗುಲು ಬದಲಿಸಲೂ ಆಗದ ಆ ಜಾಗದಲ್ಲಿ ವಾರಗಟ್ಟಲೆ ಪ್ರಯಾಣ. 1781ರಲ್ಲಿ ಜಾಂಗ್ ಎಂಬ ಹಡಗಿನವರು ನೀರು ಸಾಲದು ಎಂಬ ನೆಪ ಹೇಳಿ 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಅದು ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋದದ್ದು ಕೊಲೆ ಮೊಕದ್ದಮೆಯಾಗಿ ಅಲ್ಲ, ವಿಮೆಯ ವ್ಯಾಜ್ಯವಾಗಿ. ಹಡಗಿನ ಮಾಲೀಕರು ತಲೆಗೆ 30 ಪೌಂಡ್‌ನಂತೆ 'ಸರಕು ನಷ್ಟ' ಕೇಳಿದರು. 1783ರಲ್ಲಿ ಜ್ಯೂರಿ ಮೊದಲು ಮಾಲೀಕರ ಪರವಾಗಿಯೇ ತೀರ್ಪು ಕೊಟ್ಟಿತು. ಮರುವಿಚಾರಣೆ ಆಗಬೇಕೆಂದು ಮೇಲಿನ ನ್ಯಾಯಾಧೀಶರು ಹೇಳಿದರು, ನಿಜ. ಆದರೆ ಕೊಲೆಗಾಗಿ ಯಾರೂ ಕಟಕಟೆ ಹತ್ತಲಿಲ್ಲ. ಚಾವಟಿ, ಸಂಕೋಲೆಗಳಷ್ಟೇ ಭಯಂಕರವಾದದ್ದು ಈ ಲೆಕ್ಕದ ಪುಸ್ತಕ. ಮನುಷ್ಯನ ಹೆಸರಿನ ಮುಂದೆ ಒಂದು ಬೆಲೆ ಬರೆದ ಮೇಲೆ ಮಿಕ್ಕದ್ದೆಲ್ಲ ತಾನಾಗಿ ನಡೆಯುತ್ತದೆ.

ಆ ಬೆಲೆಯನ್ನು ಯಾರು ಯಾರಿಗೆ ತೆರಬೇಕು? ಆಫ್ರಿಕಾದಿಂದ ಬಾಲ್ಯದಲ್ಲೇ ಕದ್ದು ತರಲ್ಪಟ್ಟೆನೆಂದು ಬರೆದುಕೊಂಡ ಒಲೌಡಾ ಇಕ್ವಿಯಾನೊ ಚಿಲ್ಲರೆ ವ್ಯಾಪಾರ ಮಾಡಿ ಕಾಸಿಗೆ ಕಾಸು ಕೂಡಿಸಿ 1766ರಲ್ಲಿ 40 ಪೌಂಡ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಳ್ಳಬೇಕಾಯಿತು. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಹಂಚಿತು. ಹಂಚಿದ್ದು ಮಾಲೀಕರಿಗೆ, ದುಡಿದವರಿಗೆ ಒಂದು ಪೈಸೆಯೂ ಇಲ್ಲ. ಮೇಲಾಗಿ ಅವರು ಅದೇ ಮಾಲೀಕರ ಬಳಿ ಇನ್ನೂ ಕೆಲವು ವರ್ಷ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಯಬೇಕೆಂದು ಕಾಯ್ದೆಯೇ ಹೇಳಿತು. ಅದು ನಿಂತದ್ದು 1838ಕ್ಕೆ. ಆ ಪರಿಹಾರಕ್ಕೆ ಎತ್ತಿದ ಸಾಲದ ಬಾಕಿ ಪೂರ್ತಿ ಚುಕ್ತಾ ಆದದ್ದು 2015ರಲ್ಲಿ. ಹೈಟಿಯ ಕಥೆ ಇನ್ನೂ ಘೋರ. ಬಂಡೆದ್ದು ಸ್ವತಂತ್ರರಾದ ಗುಲಾಮರ ಆ ಪುಟ್ಟ ದೇಶದ ಮುಂದೆ ಫ್ರಾನ್ಸ್ 1825ರಲ್ಲಿ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು, ಅಷ್ಟರಲ್ಲಿ ದೇಶ ಸಾಲದಲ್ಲಿ ಮುಳುಗಿಯಾಗಿತ್ತು.

ಸರಿಯಾದ ಉತ್ತರ ಬಂದದ್ದು ಅಮೆರಿಕದ ಸಂವಿಧಾನದಲ್ಲಿ. 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. 1868ರ 14ನೇ ತಿದ್ದುಪಡಿಯ ನಾಲ್ಕನೇ ಭಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಲಾಮರನ್ನು ಕಳೆದುಕೊಂಡೆವೆಂದು ಯಾರೂ ಪರಿಹಾರ ಕೇಳುವಂತಿಲ್ಲ, ಅಂಥ ಬೇಡಿಕೆಯೇ ಕಾನೂನುಬಾಹಿರ ಎಂದಿತು. ನಮ್ಮ 1976ರ ಕಾಯ್ದೆ ಈ ಎರಡನೇ ಸಾಲಿಗೆ ಸೇರಿದ್ದು. ಅದರ 4ನೇ ಕಲಂ ಜೀತದಾಳುಗಳನ್ನೆಲ್ಲ ಬಿಡುಗಡೆ ಮಾಡುತ್ತದೆ. 6ನೇ ಕಲಂ ಜೀತದ ಸಾಲವನ್ನೇ ಅಳಿಸಿಹಾಕುತ್ತದೆ. ಮನ್ನಾ ಮಾಡುವಂತೆ ಯಾರೂ ಅರ್ಜಿ ಹಾಕಬೇಕಾಗಿಲ್ಲ, ಆ ಸಾಲವೇ ಇಲ್ಲ. ಅದನ್ನು ವಸೂಲಿ ಮಾಡಲು ಯಾವ ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ. 9ನೇ ಕಲಂ ಪ್ರಕಾರ ಅಳಿದುಹೋದ ಆ ಸಾಲದ ಬಾಬ್ತು ಹಣ ಪಡೆದ ಮಾಲೀಕನಿಗೆ 3 ವರ್ಷದವರೆಗೆ ಜೈಲು ಮತ್ತು ದಂಡ. ಅಂದಮೇಲೆ ಅಡವಿಟ್ಟ ಒಡವೆ ಬಿಡಿಸಿಕೊಳ್ಳುವ ಹಾಗೆ ಮನುಷ್ಯನನ್ನು ಬಿಡಿಸಿಕೊಂಡು ಬನ್ನಿ ಎಂದು ಹೇಳುವ ಹಿರಿಯರೂ ಅಧಿಕಾರಿಗಳೂ, ತಮಗೆ ಗೊತ್ತಿಲ್ಲದೆಯೇ, ಆ ಮನುಷ್ಯ ಇಷ್ಟು ದಿನ ಮಾಲೀಕನ ಸ್ವತ್ತಾಗಿದ್ದದ್ದು ಸರಿ ಎಂದು ಒಪ್ಪಿಕೊಂಡ ಹಾಗಾಯಿತು.

ಇನ್ನು ಆ 'ಸಾಲ' ಎಂಬುದು ಎಷ್ಟರ ಮಟ್ಟಿಗೆ ಸಾಲ ಎಂದು ನೋಡಿ. ಇಟ್ಟಿಗೆ ಗೂಡಿನ ಒಂದು ಮಾದರಿ ಲೆಕ್ಕ ಹಾಕೋಣ. ಗಂಡ ಹೆಂಡತಿಗೆ ಮೇಸ್ತ್ರಿಯ ಮೂಲಕ 80,000 ರೂಪಾಯಿ ಮುಂಗಡ. ಸಾವಿರ ಇಟ್ಟಿಗೆ ಕೊಯ್ದರೆ 800 ರೂಪಾಯಿ. ಸಂಜೆ ಮಣ್ಣಿಗೆ ನೀರು ಬಿಟ್ಟು ತುಳಿಯುವುದು ಗಂಡ, ಬೆಳಕು ಹರಿಯುವ ಮೊದಲೇ ಅಚ್ಚಿಗೆ ಮಣ್ಣು ಬಡಿಯುವುದು ಹೆಂಡತಿ, ಅರೆ ಒಣಗಿದ ಹಸಿ ಇಟ್ಟಿಗೆಯನ್ನು ಮಗ್ಗುಲು ತಿರುವಿಡುವುದು ಮಗು. ದಿನಕ್ಕೆ 900ರಂತೆ, ತಿಂಗಳಿಗೆ 25 ದಿನ, ಮಳೆಗಾಲ ಬರುವವರೆಗೆ ಏಳು ತಿಂಗಳು ಎಂದರೆ 1,57,500 ಇಟ್ಟಿಗೆ. ಕೂಲಿ 1,26,000 ರೂಪಾಯಿ ಆಯಿತು. ವಾರದ ಸಂತೆ ಖರ್ಚಿಗೆ 1,500ರಂತೆ 30 ವಾರಕ್ಕೆ 45,000 ಕೊಟ್ಟಿರುತ್ತಾರೆ. ಕೂಲಿಯಲ್ಲಿ ಅದನ್ನು ಕಳೆದರೆ 81,000 ಉಳಿದು ಮುಂಗಡ ಪೂರ್ತಿ ತೀರಿ ಹೋಗಬೇಕು. ಕಾಗದದ ಮೇಲೆ ತೀರುತ್ತದೆ ಕೂಡ. ಆದರೆ ಲೆಕ್ಕ ಮಾಡುವ ದಿನ ಬೇರೆ ಬಾಬ್ತುಗಳು ಹೊರಗೆ ಬರುತ್ತವೆ. ಮಳೆಗೆ ಕರಗಿದ್ದು, ಒಡೆದದ್ದು ಎಂದು ನೂರಕ್ಕೆ ಹತ್ತು ಕಡಿತ, 12,600. ಮೇಸ್ತ್ರಿ ಕಮಿಷನ್ ಸಾವಿರಕ್ಕೆ 50ರಂತೆ 7,875. ಆಸ್ಪತ್ರೆ, ಹಬ್ಬ, ಊರಿಗೆ ಹೋಗಿಬಂದ ಖರ್ಚು 15,000. ಸೀಸನ್ ಮುಗಿದಾಗ ಅವರ ಮೇಲೆ 34,475 ರೂಪಾಯಿ ಬಾಕಿ. ಮುಂದಿನ ವರ್ಷಕ್ಕೆ ಅದೇ ಮೂಲ ಸಾಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಕಡಿತ, ಕಮಿಷನ್ ಕಳೆದು ಇಬ್ಬರಿಗೆ ಸಿಕ್ಕ ಕೂಲಿ 1,05,525. ಇಬ್ಬರ 350 ಆಳುದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 301 ರೂಪಾಯಿ. ಮಗುವಿನ ದುಡಿಮೆ ಲೆಕ್ಕಕ್ಕೇ ಇಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿಯೇ 370 ಇತ್ತು. ಆ ದರ ಹಾಕಿದರೂ ಇಬ್ಬರಿಗೆ 1,29,500 ಬರಬೇಕು. ವ್ಯತ್ಯಾಸ 23,975 ರೂಪಾಯಿ. ಒಡೆದ ಇಟ್ಟಿಗೆಯನ್ನು ಎಣಿಸಿದವರು ಯಾರು, ಆಸ್ಪತ್ರೆಯ ಚೀಟಿ ಎಲ್ಲಿ ಎಂದು ಕೇಳಿದರೆ ಆ ಬಾಕಿಯಲ್ಲಿ ಇನ್ನೆಷ್ಟು ಉಳಿಯುತ್ತದೋ! ಪುಸ್ತಕ ಬರೆಯುವವನು ಒಬ್ಬನೇ, ರಸೀದಿ ಇಲ್ಲ, ಓದಿ ಹೇಳುವವರಿಲ್ಲ. ಮುಂಗಡದಲ್ಲಿ ಮೇಸ್ತ್ರಿ ಎಷ್ಟು ಹಿಡಿದುಕೊಂಡ ಎಂಬುದೂ ಎಷ್ಟೋ ಸಲ ಆ ಕುಟುಂಬಕ್ಕೆ ಗೊತ್ತಿರುವುದಿಲ್ಲ. ಇದಕ್ಕಾಗಿಯೇ 15ನೇ ಕಲಂ ರುಜುವಾತಿನ ಹೊಣೆಯನ್ನು ಮಾಲೀಕನ ತಲೆಯ ಮೇಲೆ ಹೊರಿಸಿದೆ. ಇದು ಜೀತದ ಸಾಲವಲ್ಲ ಎಂದು ತೋರಿಸಬೇಕಾದವನು ಅವನು.

ಗೂಡೊಂದೇ ಅಲ್ಲ. ತೋಟದ ಮನೆಯಲ್ಲಿ ಯುಗಾದಿಯಿಂದ ಯುಗಾದಿಗೆ ಇಷ್ಟು ಎಂದು ಮಾತಾಡಿ ಇಟ್ಟುಕೊಂಡ ಆಳು, ಕುರಿಹಿಂಡಿನ ಹಿಂದೆ ಕಳಿಸಿದ ಹುಡುಗ, ಅಪ್ಪ ಪಡೆದ ಮುಂಗಡಕ್ಕೆ ರೇಷ್ಮೆ ಬಿಚ್ಚುವ ಬಿಸಿನೀರಿನ ತೊಟ್ಟಿಯ ಮುಂದೆ ಕೂತ ಹುಡುಗಿ, ಎಲ್ಲರ ಹಿಂದೆಯೂ ಇಂಥ ಒಂದು ಪುಸ್ತಕ ಇರಬಹುದು. ಮಾಲೂರಿನ ಎಲ್ಲ ಗೂಡುಗಳೂ ಶಿಡ್ಲಘಟ್ಟದ ಎಲ್ಲ ಘಟಕಗಳೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಬಟವಾಡೆ ಚೊಕ್ಕವಾಗಿ ಮಾಡಿ, ಬೇಡವೆಂದವರನ್ನು ಕಳಿಸಿಕೊಡುವ ಮಾಲೀಕರಿದ್ದಾರೆ. ಮುಂಗಡ ಕೊಟ್ಟ ಮಾತ್ರಕ್ಕೆ ಜೀತವಾಗುವುದಿಲ್ಲ. ಮುಂಗಡಕ್ಕೆ ಬದಲಾಗಿ ನಾಲ್ಕರಲ್ಲಿ ಒಂದು ಸ್ವಾತಂತ್ರ್ಯ ಹೋದರೂ ಜೀತ ಎನ್ನುತ್ತದೆ 2ನೇ ಕಲಂ: ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿಗೆ ದುಡಿಯುವುದು, ಬೇರೆ ಕೆಲಸಕ್ಕೆ ಹೋಗಲಾಗದಿರುವುದು, ಬೇಕಾದ ಕಡೆ ಓಡಾಡಲಾಗದಿರುವುದು, ತನ್ನ ದುಡಿಮೆಯನ್ನಾಗಲಿ ಅದರ ಫಲವನ್ನಾಗಲಿ ಪೇಟೆ ದರಕ್ಕೆ ಮಾರಲಾಗದಿರುವುದು. ಸಾಲ ಅವನೇ ಮಾಡಿರಬೇಕೆಂದೂ ಇಲ್ಲ. ಅಪ್ಪನದಿರಬಹುದು, ತಾತನದಿರಬಹುದು. ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೆ ಮಾಡಲೇಬೇಕು ಎಂಬ ರೂಢಿಯೂ ಆ ವ್ಯಾಖ್ಯಾನದೊಳಗೇ ಬರುತ್ತದೆ.

ಮಾಲೀಕರ ಕಡೆಯ ವಾದಗಳು ಎರಡು ಶತಮಾನದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಕೆರಿಬಿಯನ್ ಕಬ್ಬಿನ ತೋಟಗಳ ಒಡೆಯರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿಸಿದ್ದೂ ಇದನ್ನೇ: ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಬಿಟ್ಟರೆ ಅವರು ಉಪವಾಸ ಬೀಳುತ್ತಾರೆ, ಉದ್ಯಮ ಮುಚ್ಚಿಹೋಗುತ್ತದೆ. "ಮನೆ ಮಗನ ಹಾಗೆ ನೋಡಿಕೊಂಡಿದೀವಿ" ಎಂಬ ಮಾತು ನಮ್ಮಲ್ಲಿ ಧಾರಾಳ. ಮನೆ ಮಗನಿಗೆ ಬೇರೆ ತಟ್ಟೆ, ಬೇರೆ ಲೋಟ ಯಾಕೆ? ಅವನು ನೆಂಟರ ಮದುವೆಗೆ ಹೊರಟರೆ ಹೆಂಡತಿಯನ್ನು ಇಲ್ಲೇ ಬಿಟ್ಟು ಹೋಗು ಎನ್ನುವುದು ಯಾಕೆ? ಹೊಟ್ಟೆಪಾಡಿಗೆ ಅವನೇ ಒಪ್ಪಿ ಬಂದ ಎಂಬ ವಾದಕ್ಕೆ ಸುಪ್ರೀಂ ಕೋರ್ಟು 1982ರಲ್ಲೇ, ದೆಹಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ, ಉತ್ತರ ಕೊಟ್ಟಿದೆ. ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದಲ್ಲಿ ಹಸಿವಿನ, ಬಡತನದ ಬಲವಂತವೂ ಸೇರುತ್ತದೆ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಬಲವಂತದ ದುಡಿಮೆಯೇ ಎಂದಿತು. 1983ರ ಡಿಸೆಂಬರ್ 16ರಂದು ಫರಿದಾಬಾದಿನ ಕಲ್ಲು ಕ್ವಾರಿ ಕಾರ್ಮಿಕರ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು: ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆಯೆಂದೇ ಭಾವಿಸಬೇಕು, ಅದನ್ನು ಕಾರ್ಮಿಕನೇ ಸಾಬೀತು ಮಾಡಲಿ ಎಂದು ಸರ್ಕಾರ ಕೂರುವಂತಿಲ್ಲ. ಉದ್ಯಮ ಮುಚ್ಚುತ್ತದೆ ಎಂಬ ವಾದದ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನಮಗೆ ಕಾಣುವುದಿಲ್ಲ. ಕನಿಷ್ಠ ಕೂಲಿ ಕೊಟ್ಟರೆ ನಡೆಯದ ಗೂಡು ನಡೆಯದಿರಲಿ.

ಕೆಲಸ ಕೆಡುವುದು ವಿಚಾರಣೆಯ ಹಂತದಲ್ಲಿ. ಅಧಿಕಾರಿಗಳ ತಂಡ ಗೂಡಿಗೆ ಹೋಗುತ್ತದೆ, ಮಾಲೀಕನ ಆಫೀಸಿನಲ್ಲೇ ಕುರ್ಚಿ ಹಾಕಿಸಿಕೊಳ್ಳುತ್ತದೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಹೊಡೀತಾರಾ? ಕೂಡಿ ಹಾಕ್ತಾರಾ?" ಎಂದು ಕೇಳುತ್ತದೆ. ಇಲ್ಲ ಎಂಬ ಉತ್ತರ ಬರುತ್ತದೆ, ಜೀತ ಕಂಡುಬಂದಿಲ್ಲ ಎಂದು ವರದಿ ಹೋಗುತ್ತದೆ. ಮೊದಲು ಆಗಬೇಕಾದ್ದು ಲೆಕ್ಕದ ಪುಸ್ತಕಗಳ ಜಪ್ತಿ, ಮಾಲೀಕನದೂ ಮೇಸ್ತ್ರಿಯದೂ. ಹತ್ತು ನಿಮಿಷ ತಡವಾದರೂ ಪುಸ್ತಕ ಮಾಯವಾಗಿರುತ್ತದೆ. ಮೇಸ್ತ್ರಿಯ ಫೋನಿಗೆ ಬಂದ ಹಣದ ವಿವರವೂ ಸಾಕ್ಷಿ. ಆಮೇಲೆ ಕಾರ್ಮಿಕರನ್ನು ಆ ಜಾಗದಿಂದ ಬೇರೆಡೆಗೆ ಕರೆದೊಯ್ದು, ಊಟ ನೀರು ಕೊಟ್ಟು, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ, ಅವರ ಭಾಷೆ ಬಲ್ಲವರ ಮೂಲಕ ಕೇಳಬೇಕು. ಒಡಿಶಾದಿಂದ ಬಂದವರ ಹೇಳಿಕೆಯನ್ನು ಮೇಸ್ತ್ರಿಯಿಂದಲೇ ಅನುವಾದ ಮಾಡಿಸಿದರೆ ಅದು ಮೇಸ್ತ್ರಿಯ ಹೇಳಿಕೆಯೇ ಆಗುತ್ತದೆ. ಹೆಂಗಸರ ಹತ್ತಿರ ಹೆಂಗಸರೇ ಮಾತಾಡಬೇಕು.

ಕೇಳಬೇಕಾದ ಪ್ರಶ್ನೆಗಳು ಸರಳ. ಎಷ್ಟು ಹಣ ಪಡೆದಿರಿ, ಕೈಗೆ ಬಂದದ್ದೆಷ್ಟು? ಲೆಕ್ಕ ಯಾರ ಹತ್ತಿರ ಇದೆ? ಪಕ್ಕದ ಗೂಡಿನಲ್ಲಿ ಹೆಚ್ಚು ಕೊಡುತ್ತೇನೆಂದರೆ ನಾಳೆಯೇ ಹೋಗಬಹುದಾ? ಊರ ಹಬ್ಬಕ್ಕೆ ಇಡೀ ಸಂಸಾರ ಒಟ್ಟಿಗೆ ಹೋಗಿ ಬಂದದ್ದುಂಟಾ? ಆಧಾರ್, ರೇಷನ್ ಕಾರ್ಡ್ ಯಾರ ಬಳಿ ಇವೆ? ಹೆಂಡತಿಯ ಹೆಸರು ಪುಸ್ತಕದಲ್ಲಿ ಇದೆಯಾ? ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಮುಂಗಡ ಗಂಡನ ಹೆಸರಿನಲ್ಲಿರುತ್ತದೆ, ಅವಳ ದುಡಿಮೆ ಎಲ್ಲೂ ದಾಖಲಾಗಿರುವುದಿಲ್ಲ. ಕೊನೆಗೆ, ಜೀತದಿಂದ ಬಿಡುಗಡೆಯಾದರೆಂದು ಸರ್ಕಾರ ಕೊಡುವ ಬಿಡುಗಡೆ ಪತ್ರವೂ ಗಂಡನ ಹೆಸರಿಗೆ ಒಂದೇ ಬಂದರೆ ಅವಳಿಗೆ ಸೇರಬೇಕಾದ ಪುನರ್ವಸತಿ ಹಣ ಅಲ್ಲಿಗೆ ಮುಳುಗಿತು. ಪತ್ರ ತಲೆಗೊಂದರಂತೆ ಇರಬೇಕು. ಅದು ಸಿಗದೆ ಯಾರನ್ನೂ ಬಸ್ಸಿಗೋ ರೈಲಿಗೋ ಹತ್ತಿಸಿ ಕಳಿಸಕೂಡದು. ಹಾಗೆ ಕಳಿಸಿದವರು ಮುಂದಿನ ಸೀಸನ್ನಿಗೆ ಇನ್ನೊಂದು ಗೂಡಿನಲ್ಲಿ ಇನ್ನೊಂದು ಮುಂಗಡಕ್ಕೆ ಸಿಕ್ಕಿಬೀಳುತ್ತಾರೆ. ಬಿಡುಗಡೆಯಾದವರಿಗೆ ಪುನರ್ವಸತಿ ಆಗಲೇಬೇಕು, ಇಲ್ಲದಿದ್ದರೆ ಹಸಿವು ಅವರನ್ನು ಮತ್ತೆ ಅಲ್ಲಿಗೇ ತಳ್ಳುತ್ತದೆ ಎಂದು 1984ರಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿದ್ದು ಇದನ್ನೇ.

ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಈಗ ತಕ್ಷಣದ ನೆರವು ತಲೆಗೆ 30,000 ರೂಪಾಯಿವರೆಗೆ ಇದೆ. ಇದಕ್ಕೆ ಮಾಲೀಕನಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಜಿಲ್ಲಾಧಿಕಾರಿಗಳ ಬಳಿ ಕನಿಷ್ಠ 10 ಲಕ್ಷ ರೂಪಾಯಿಯ ಕಾಯಂ ನಿಧಿ ಇರಬೇಕೆಂದು ಯೋಜನೆಯೇ ಹೇಳುತ್ತದೆ. ಪೂರ್ಣ ಪರಿಹಾರ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಮಾನವ ಕಳ್ಳಸಾಗಣೆ ಅಥವಾ ಲೈಂಗಿಕ ಶೋಷಣೆಗೆ ಸಿಕ್ಕವರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ಇಂಥವರಿಗೆ 3 ಲಕ್ಷ. ಇದು ಮೊಕದ್ದಮೆಯ ವಿಚಾರಣೆಯ ಫಲಿತಾಂಶಕ್ಕೆ ತಗುಲಿಕೊಂಡಿದೆ. ಆದ್ದರಿಂದ ಎಫ್‌ಐಆರ್ ಇಲ್ಲದ ರಾಜಿಯಲ್ಲಿ ಕಾರ್ಮಿಕ ಕಳೆದುಕೊಳ್ಳುವುದು ಮಾಲೀಕನಿಗೆ ಕಟ್ಟಿದ ಮುಂಗಡವನ್ನಷ್ಟೇ ಅಲ್ಲ, ತನಗೆ ಬರಬೇಕಾಗಿದ್ದ ಈ ಲಕ್ಷಗಳನ್ನೂ. ಮಕ್ಕಳು ಸಿಕ್ಕಾಗ ಬರೀ ಬಾಲಕಾರ್ಮಿಕ ಕಾಯ್ದೆಯಡಿ ಕೇಸು ಹಾಕಿ ಜೀತದ ಮಾತೇ ಎತ್ತದಿದ್ದರೂ ಇದೇ ಗತಿ. ಜೀತ ಕಾಯ್ದೆಯ 22ನೇ ಕಲಂ ಪ್ರಕಾರ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ಪರಿಶಿಷ್ಟ ಜಾತಿ, ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಕೂಡ ಸೇರಲೇಬೇಕು. ಅದನ್ನು ಬಿಟ್ಟರೆ ಶಿಕ್ಷೆಯ ಭಯವೇ ಉಳಿಯುವುದಿಲ್ಲ, ಯಾಕೆಂದರೆ ಜೀತ ಕಾಯ್ದೆಯ ಪ್ರಕರಣ ಜಾಮೀನು ಸಿಗುವಂಥದ್ದು, ದಂಡದ ಮಿತಿ ಇಂದಿಗೂ 1976ರಲ್ಲಿ ಬರೆದ 2,000 ರೂಪಾಯಿ. ಈ ಮೊತ್ತವನ್ನು ಸಂಸತ್ತು ಐವತ್ತು ವರ್ಷ ಮುಟ್ಟದೆ ಬಿಟ್ಟಿರುವುದು ನಾಚಿಕೆಗೇಡು.

2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡಿಸುತ್ತೇವೆ ಎಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿತ್ತು. ಅಷ್ಟು ದೂರದ ಗುರಿಯ ಮಾತು ಹಾಗಿರಲಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಮತ್ತು ಉಪವಿಭಾಗಾಧಿಕಾರಿಗಳು 13ನೇ ಕಲಂ ಹೇಳುವ ಜಾಗೃತಿ ಸಮಿತಿಗಳ ಸಭೆಯನ್ನು ಗೂಡುಗಳ ಸೀಸನ್ ಶುರುವಾಗುವ ಮೊದಲೊಮ್ಮೆ, ಲೆಕ್ಕ ಮಾಡುವ ಹೊತ್ತಿಗೆ ಇನ್ನೊಮ್ಮೆ ಕರೆಯಲಿ. ಜನ ಸಿಕ್ಕಿಬೀಳುವುದು ಆ ಎರಡು ಹೊತ್ತಿನಲ್ಲಿ. ಠಾಣೆಗಳಿಗೆ ಒಂದು ಸುತ್ತೋಲೆ ಹೋಗಲಿ: ಜೀತದ ದೂರಿನಲ್ಲಿ ಮುಂಗಡ ವಾಪಸಾತಿಯ ರಾಜಿ ಮಾಡಿಸಬಾರದು, ಅಂಥ ಮುಚ್ಚಳಿಕೆ ಬರೆಸಿಕೊಳ್ಳಬಾರದು.

ಓದುಗರಲ್ಲಿ ಯಾರಿಗಾದರೂ ಇಂಥದ್ದು ಕಂಡರೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಬರೆದು ಕೊಡಿ. ಮಕ್ಕಳಿದ್ದರೆ 1098ಕ್ಕೆ, ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಮಾಲೀಕ ಕೊಟ್ಟ ಗುಡಿಸಲಿನಲ್ಲಿ ಇರುವವರನ್ನು ಬಿಡುಗಡೆಯಾದ ಮರುದಿನ ಹೊರಗೆ ಹಾಕುವಂತಿಲ್ಲ ಎಂದು 8ನೇ ಕಲಂ ಹೇಳುತ್ತದೆ. ಅದನ್ನೂ ಅವರಿಗೆ ತಿಳಿಸಿ. ಈಗಾಗಲೇ ರಾಜಿಯಲ್ಲಿ ಹಣ ಕಟ್ಟಿ ಬಂದವರು ಎಲ್ಲ ಮುಗಿಯಿತು ಎಂದುಕೊಳ್ಳಬೇಕಿಲ್ಲ. ಯಾವ ದಿನ, ಯಾರ ಮುಂದೆ, ಎಷ್ಟು ಕಟ್ಟಿದೆವು ಎಂದು ಬರೆದು, ಹಣ ತರಲು ಮಾಡಿದ ಸಾಲದ ಚೀಟಿಯೋ ಫೋನಿನಲ್ಲಿ ಕಳಿಸಿದ ದಾಖಲೆಯೋ ಇದ್ದರೆ ಲಗತ್ತಿಸಿ ದೂರು ಕೊಡಿ. 9ನೇ ಕಲಂ ಅಡಿ ಮಾಲೀಕನಿಗೆ ಶಿಕ್ಷೆಯಾದರೆ, ಅವನು ಪಡೆದ ಆ ಹಣವನ್ನು ಕೋರ್ಟಿನಲ್ಲಿ ಠೇವಣಿ ಇಡಿಸಿ ಕಾರ್ಮಿಕನಿಗೆ ಹಿಂದಿರುಗಿಸುವಂತೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಇಂತಿ,
ಜೀತ ವಿಮುಕ್ತರ ಜೊತೆ ಕೆಲಸ ಮಾಡುತ್ತಿರುವ ಕೆಲವರು
ಮಧುಗಿರಿ, ತುಮಕೂರು ಜಿಲ್ಲೆ